ಒಂದು ಗೇಣು ಎತ್ತರ

ನನ್ನ ಅಂಗಡಿಗೆ ತೋಟದ ರಬ್ಬರ್ ಶೀಟು ಮಾರಲು ತರುವ ಐವರ್ನಾಡಿನ ಸರ್ವೋತ್ತಮ ಒಂದು ಕಾಲದಲ್ಲಿ ವಾಲಿಬಾಲ್ ತಂಡದ ಲಿಫ್ಟರ್. ಚೆಂಡು ಎತ್ತಿ ಕೊಡುವುದು ಇವನು, ಹಾರಿ ಹೊಡೆಯುವುದು ಕೃಷ್ಣಮೋಹನ. ಹನ್ನೆರಡು ವರ್ಷದ ಹಿಂದೆ ಇವನು ಕೊಟ್ಟ ಚೆಂಡು ಒಂದು ಗೇಣು ಹೆಚ್ಚು ಎತ್ತರ ಹೋಯಿತು. ಅದಕ್ಕೆ ಹಾರಿದ ಕೃಷ್ಣಮೋಹನ ಬಿದ್ದು ಮೊಣಕಾಲು ಮುರಿದುಕೊಂಡ. ಆಮೇಲೆ ಇಬ್ಬರೂ ಆಡಲಿಲ್ಲ.

ಈಗ ಸರ್ವೋತ್ತಮನ ಮಗಳು ಸುಪ್ರಿತಾ ಮನೆಗೆ ಒಂದು ವಿಡಿಯೊ ಗೇಮ್ ತಂದಿದ್ದಾಳೆ. ಇಬ್ಬಿಬ್ಬರ ಜೋಡಿ, ಮೊದಲು ಕಣದಲ್ಲಿ ಹೊಡೆದಾಟ, ಆಮೇಲೆ ವಾಲಿಬಾಲ್. ನಮ್ಮ ಲಿಫ್ಟರ್ ಹೊಡೆದಾಟದಲ್ಲೂ ಕೈಗೆ ಸಿಕ್ಕ ಬಾಂಬನ್ನು ಎದುರಾಳಿಗೆ ಎಸೆಯದೆ ಜೋಡಿಯಾಗಿ ಆಡುವ ಮಗಳಿಗೇ ಎತ್ತಿ ಕೊಡುತ್ತಾನೆ. ಪರದೆಯಲ್ಲಿ ಇಬ್ಬರೂ ಸುಟ್ಟುಹೋಗುತ್ತಾರೆ.

"ಅಪ್ಪಾ, ನೀವು ಹೊಡೀಲಿಕ್ಕೆ ಕಲಿಯುದು ಯಾವಾಗ?"

"ಹೊಡೆಯುವವ ಬೇರೆ ಇದ್ದಾನಲ್ಲ ಮಗಾ."

ಕಳೆದ ತಿಂಗಳು ಒಂದು ಶುಕ್ರವಾರ ಸರ್ವೋತ್ತಮ ಬರಿಗೈಯಲ್ಲಿ ಬಂದ.

"ಶೀಟು ಎಲ್ಲುಂಟು ಮಾರಾಯ?" ಎಂದೆ. ಅವನ ಕಣ್ಣು ರಸ್ತೆಯ ಮೇಲಿತ್ತು. ಕೃಷ್ಣಮೋಹನ ಶೀಟು ತರುವುದು ಶುಕ್ರವಾರವೇ. ಅವನು ಬಂದದ್ದೇ ತಡ, ಇವನು ಕಿಸೆಯಿಂದ ಆಟದ ರಿಮೋಟ್ ತೆಗೆದು ಕೊಟ್ಟ.

"ಇದರಲ್ಲಿ ಹಾರ್ಲಿಕ್ಕೆ ಮೊಣಕಾಲು ಬೇಡ. ಒಮ್ಮೆ ಮನೆಗೆ ಬಾ."

"ಲಿಫ್ಟು ಈಗಲೂ ಅಷ್ಟೇ ಎತ್ತರವಾ?"

"ಒಂದು ಗೇಣು ಕಮ್ಮಿ ಮಾಡಿದ್ದೇನೆ."

ಕೃಷ್ಣಮೋಹನ ನಕ್ಕ. "ನೋಡುವ" ಎಂದು ರಿಮೋಟನ್ನು ನನ್ನ ತೂಕದ ಮಿಷನ್ ಮೇಲಿಟ್ಟು ಕುಂಟುತ್ತ ಹೋದ.

ನಾನು ಹಿಂದಕ್ಕೆ ಕೊಡಹೋದರೆ ಸರ್ವೋತ್ತಮ ಮುಟ್ಟಲಿಲ್ಲ. "ಇಲ್ಲೇ ಇರ್ಲಿ. ಅವ ಬರುವ ಜಾಗ."

ಇವತ್ತು ಮತ್ತೆ ಶುಕ್ರವಾರ. ರಿಮೋಟ್ ಇನ್ನೂ ನನ್ನ ಅಂಗಡಿಯಲ್ಲೇ ಇದೆ. ಸರ್ವೋತ್ತಮ ಬಾಗಿಲಲ್ಲಿ ನಿಂತಿದ್ದಾನೆ, ಬರಿಗೈಯಲ್ಲೇ.