ಕಾಠ್ಮಂಡುವಿನಲ್ಲಿ ಅಕ್ಕ ಉಣ್ಣದ ಎರಡು ದಿನ

ಮೊನ್ನೆ ಸೊಸೆ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಪಂಪ್ ಸ್ಟವ್ ಕೆಳಗಿಳಿಸಿದಳು. ಗುಜರಿಗೆ ಹಾಕಲೇನ್ರಿ ಅಂತ ಕೇಳಿದಳು. ಹಿತ್ತಾಳೆಯದು, ಹಸಿರು ಕಿಲುಬು ಹತ್ತಿದೆ. ಮುಚ್ಚಳ ತಿರುಗಿಸಿದರೆ ಒಳಗಿನಿಂದ ಇನ್ನೂ ಸೀಮೆಎಣ್ಣೆಯ ವಾಸನೆ ಬಂತು. ಅದು ಮೂಗಿಗೆ ಬಡಿದಕೂಡಲೆ ಕಾಠ್ಮಂಡುವಿನ ಧರ್ಮಶಾಲೆ ನೆನಪಾಯಿತು. ಅದರ ಹಿತ್ತಲಲ್ಲಿ ಇಂಥ ಎರಡು ಸ್ಟವ್ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ ಬಾಜೂ ಮನೆಯ ಅಕ್ಕ ನೆನಪಾದಳು. ಸಿಟ್ಟು ಬಂತು. ನಲವತ್ತು ವರ್ಷದ ಹಿಂದಿನ ಸಿಟ್ಟು ಇನ್ನೂ ಆರಿಲ್ಲ.

ತೀರಿಹೋದವರ ಬಗ್ಗೆ ಜನ ಸಿಹಿಸಿಹಿಯಾಗಿ ಬರೆಯುತ್ತಾರೆ. ನನಗೆ ಅದು ಬರುವುದಿಲ್ಲ. ಖಾನಾಪುರದ ಮರಾಠಿ ಸಾಲೆಯಲ್ಲಿ ಮೂರನೆಯ ಇಯತ್ತೆಗೆ ನನ್ನ ಓದು ಮುಗಿಯಿತು. ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ವಡಗಾವಿಗೆ ಬಂದ ಮೇಲೆ, ಅದೂ ಆ ಅಕ್ಕನಿಂದಲೇ. ಇದ್ದದ್ದನ್ನು ಇದ್ದಹಾಗೆ ಬರೆಯುತ್ತೇನೆ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ. ಒಂದು ಮಗ್ಗ ಇಟ್ಟುಕೊಂಡು ತಾನೇ ನೇಯ್ದು ಉಣ್ಣುತ್ತಿದ್ದಳು. ನಮ್ಮೆರಡು ಮನೆಗೆ ನಡುವೆ ಒಂದೇ ಗೋಡೆ. ಮಾತು ಕಡಿಮೆ, ಆಡಿದರೆ ಚುರುಕು. ಒಮ್ಮೆ ನನ್ನ ಗಂಡ ನೇಯ್ದ ಸೀರೆಯ ಅಂಚು ಸೊಟ್ಟಗಾದಾಗ ಎತ್ತಿ ಹಿಡಿದು ನೋಡಿ, "ತಮ್ಮಾ, ಇದು ಸೀರಿ ಅಂಚೋ, ಖಾನಾಪುರದ ರಸ್ತಾನೋ?" ಅಂದಿದ್ದಳು. ಅವನು ಎರಡು ದಿನ ಅವಳ ಎದುರಿಗೆ ಬರಲಿಲ್ಲ.

ಸೋಮವಾರಕ್ಕೊಮ್ಮೆ ಮಠದಲ್ಲಿ ನಮ್ಮ ಭಜನೆ. ಅಕ್ಕನೂ ಸೇರಿ ಎಂಟು ಜನ ಗೆಳತಿಯರು. ನಮ್ಮ ಮುಂದಾಳು ಜವಳಿ ಅಂಗಡಿಯವರ ಹೆಂಡತಿ. ನಾವೆಲ್ಲ ಅವಳಿಗೆ ಅಂಗಡಿಯಾಕೆ ಅನ್ನುತ್ತಿದ್ದೆವು. ಓಣಿಯ ಅರ್ಧ ಮಗ್ಗಗಳಿಗೆ ನೂಲು ಕೊಡುತ್ತಿದ್ದದ್ದು ಅವಳ ಗಂಡನೇ. ನಮ್ಮ ಮಗ್ಗಕ್ಕೂ ಅಲ್ಲಿಂದಲೇ.

ಎಂಬತ್ತೆರಡೋ ಎಂಬತ್ತಮೂರೋ ಇರಬೇಕು. ಖಾನಾಪುರದ ಒಬ್ಬ ಕಾಶಿ–ಕಾಠ್ಮಂಡು ಯಾತ್ರೆಗೆ ಬಸ್ಸು ಹೊರಡಿಸಿದ. ಪಾಸ್‌ಪೋರ್ಟ್ ಬೇಡದ ಪರದೇಶ, ದೇವರೂ ಆಯಿತು, ಊರೂ ನೋಡಿದಹಾಗಾಯಿತು ಅಂತ ಎಂಟೂ ಜನ ಹತ್ತಿದೆವು. ಬಸ್ಸಿನಲ್ಲಿ ಮೂವತ್ತು ಮಂದಿ, ಎಲ್ಲ ನಮ್ಮ ಜಾತಿಯವರೇ. ಅಡುಗೆಗೆ ಅವನದೇ ಆಚಾರಿ ಇದ್ದ. ಕಾಶಿಯಲ್ಲಿ ಆ ಆಚಾರಿಗೆ ಜ್ವರ ಬಂದು ಮಲಗಿದ, ಅವನನ್ನು ರೈಲಿಗೆ ಹಾಕಿ ಊರಿಗೆ ಕಳಿಸಿದರು. ಬಸ್ಸಿನ ಮಾಲಕ ನೇರವಾಗಿ ಅಕ್ಕನ ಮುಂದೆ ಬಂದು ಕೈಮುಗಿದ.

"ಅಕ್ಕಾರ, ನಿಮ್ಮ ಪಾದಾ ಹಿಡೀತೀನಿ, ಊರ ಮುಟ್ಟೂತನಕಾ ಒಲಿ ಸಂಭಾಳಸ್ರಿ."

ಅಕ್ಕ ಬಾಯಿ ತೆರೆಯುವ ಮೊದಲೇ ಅಂಗಡಿಯಾಕೆ, "ಆಕಿ ಏನ್ ಒಲ್ಲೆ ಅಂತಾಳ? ಆಕಿ ಕೈಯಾಗ ಅಮೃತ ಐತಿ" ಅಂದಳು. ನಾವೆಲ್ಲ ಹೂಂ ಹೂಂ ಅಂದೆವು. ನಾನೂ ಅಂದೆ. ಹೊಗಳಿ ಹೊಗಳಿ ಅವಳನ್ನು ಒಲೆಯ ಮುಂದೆ ಕೂರಿಸಿದೆವು. ಅವಳೂ ನಮ್ಮ ಹಾಗೇ ಊರು ನೋಡಲು ಬಂದವಳು ಅಂತ ಯಾರ ಬಾಯಿಂದಲೂ ಬರಲಿಲ್ಲ.

ಕಾಠ್ಮಂಡುವಿನಲ್ಲಿ ನಾವು ಮಜಾ ಮಾಡಿದೆವು, ಅದನ್ನು ಮುಚ್ಚಿಡುವುದಿಲ್ಲ. ಧರ್ಮಶಾಲೆಯ ಬಾಜೂ ಇದ್ದ ಶಿವನ ಗುಡಿಗೆ ಕೈಮುಗಿದೆವು, ಮಂಗಗಳ ಗುಡ್ಡ ಹತ್ತಿದೆವು. ದೊಡ್ಡ ದೊಡ್ಡ ಕಣ್ಣು ಬರೆದ ಬಿಳಿ ಗುಮ್ಮಟ ಸುತ್ತಿದೆವು. ಬಜಾರಿನಲ್ಲಿ ಗುಂಡಿ ಒತ್ತಿದರೆ ಬಿಚ್ಚುವ ಛತ್ರಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ ಅಂಗಡಿಯವನಿಂದ ಬೈಸಿಕೊಂಡೆವು. ಅಲ್ಲಿ ಅಕ್ಕಿಹಿಟ್ಟಿನ ಒಂದು ತಿನಿಸು, ದೊಡ್ಡ ಕೋಡುಬಳೆಯ ಹಾಗೆ ಉಂಗುರ ಮಾಡಿ ಕರಿಯುತ್ತಾರೆ, ಸಿಹಿ ಇರುತ್ತದೆ. ಸೆಲ್ ರೋಟಿ ಅನ್ನುತ್ತಾರೆ. ಬಿಸಿಬಿಸಿ ತಿಂದೆವು. ಅಕ್ಕನಿಗೂ ಎರಡು ಕಟ್ಟಿಸಿಕೊಂಡು ಬಂದೆ, ಎರಡು ಕಿತ್ತಳೆಯನ್ನೂ ತಂದೆ. ಅಷ್ಟಕ್ಕೇ ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡೆ.

ಮರುದಿನ ಮಧ್ಯಾಹ್ನ ನನ್ನ ಕಾಲಿಗೆ ಗುಳ್ಳೆ ಎದ್ದು ಎಲ್ಲರಿಗಿಂತ ಮೊದಲು ಧರ್ಮಶಾಲೆಗೆ ಬಂದೆ. ಅಕ್ಕ ಹಿಟ್ಟು ನಾದುತ್ತಿದ್ದಳು. ಅವಳ ಚೀಲದ ಮೇಲೆ ನಾನು ಕೊಟ್ಟ ಪೊಟ್ಟಣ ಬಿಚ್ಚದೆ ಹಾಗೇ ಇತ್ತು. ಇರುವೆ ಮುತ್ತಿತ್ತು.

"ಅಕ್ಕಾ, ಇದು ಹಂಗ ಐತೆಲ್ಲ. ತಿಂದಿಲ್ಲೇನ ನೀ?"

"ಹಸವಿಲ್ಲವಾ."

ಎದ್ದು ನಿಲ್ಲಲು ಹೋದಳು, ತಲೆ ತಿರುಗಿ ಗೋಡೆ ಹಿಡಿದಳು. ಸೆರಗು ಜಾರಿತು. ಆಗ ನೋಡಿದೆ. ಕೊರಳು ಬರಿದಾಗಿತ್ತು.

"ಲಿಂಗ ಹೋತವಾ ನಂದು… ಹೊಳ್ಯಾಗ" ಅಂದಳು.

ನಮ್ಮಲ್ಲಿ ಕೊರಳಲ್ಲಿ ಇಷ್ಟಲಿಂಗ ಇರುತ್ತದೆ. ಅದನ್ನು ಅಂಗೈಯಲ್ಲಿ ಇಟ್ಟು ಪೂಜಿಸದೆ ಕಟ್ಟುನಿಟ್ಟಿನವರು ನೀರು ಕೂಡ ಮುಟ್ಟುವುದಿಲ್ಲ. ಉಳಿದ ನಾವು ಅಷ್ಟಕ್ಕಷ್ಟೇ. ಅಕ್ಕ ಕಟ್ಟುನಿಟ್ಟು. ಹಿಂದಿನ ದಿನ ನಸುಕಿನಲ್ಲಿ ಧರ್ಮಶಾಲೆಯ ನಲ್ಲಿಗೆ ನೀರು ಬಂದಿರಲಿಲ್ಲ. ಮೂವತ್ತು ಮಂದಿಯ ಪಾತ್ರೆಗಳನ್ನು ತಿಕ್ಕಲು ಹೊಳೆಯ ಮೆಟ್ಟಿಲಿಗೆ ಒಯ್ದಿದ್ದಾಳೆ. ಬಗ್ಗಿ ದೊಡ್ಡ ಪಾತೇಲಿ ಎತ್ತುವಾಗ ಶಿವದಾರ ಹರಿದು ಲಿಂಗ ನೀರಿಗೆ ಬಿದ್ದಿದೆ. ಆ ಚಳಿಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ಕೈಯಾಡಿಸಿ ಹುಡುಕಿದ್ದಾಳೆ… ಅಷ್ಟರಲ್ಲಿ ಮೇಲಿನಿಂದ ಯಾರೋ ಚಹಾ ಎಲ್ಲಿ ಅಂತ ಕೂಗಿದರಂತೆ. ಎದ್ದು ಬಂದು ಚಹಾ ಮಾಡಿದಳು.

ಆವತ್ತಿನಿಂದ ಬಾಯಿಗೆ ಏನೂ ಹಾಕಿರಲಿಲ್ಲ. ಗುರುವಿನ ಕೈಯಿಂದ ಇನ್ನೊಂದು ಲಿಂಗ ಸಿಗುವ ತನಕ ಹಾಕುವವಳೂ ಅಲ್ಲ. ಊರು ಮುಟ್ಟಲು ಇನ್ನೂ ಎಂಟು ದಿನ ಇತ್ತು. ಹೀಗೇ ಬಿಟ್ಟರೆ ನಾವು ಊರಿಗೆ ಅವಳ ಹೆಣ ಒಯ್ಯಬೇಕಾಗಿತ್ತು.

ಮೂವತ್ತು ಮಂದಿಗೆ ಬಡಿಸಿದವಳು ಉಂಡಳೋ ಇಲ್ಲವೋ ಅಂತ ಒಬ್ಬರೂ ನೋಡಿರಲಿಲ್ಲ. ಬಡಿಸುವವರು ಕಡೆಗೆ ಉಣ್ಣುತ್ತಾರೆ, ಎಲ್ಲರೂ ಎದ್ದು ಹೋದ ಮೇಲೆ ಅದನ್ನು ಯಾರು ನೋಡುತ್ತಾರೆ? ನಾನೂ ಅವಳ ಮುಂದೆ ತಾಟು ಹಿಡಿದು, ಇನ್ನೊಂದು ಚೂರು ಝುಣಕ ಹಾಕಕ್ಕಾ ಅಂದವಳೇ.

ಗೆಳತಿಯರು ಬಂದಕೂಡಲೆ ಹೇಳಿಬಿಟ್ಟೆ. ಎಲ್ಲರೂ ಸೇರಿ ದಾರಿ ಹುಡುಕುತ್ತಾರೆ ಅಂತ ನನ್ನ ದಡ್ಡ ತಲೆಗೆ ಅನ್ನಿಸಿತ್ತು. ಅಂಗಡಿಯಾಕೆ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ ಶಿವನ! ಹಂಗಾರ ಎರಡ ದಿನ ನಾವು ಲಿಂಗ ಇಲ್ಲದಾಕಿ ಕೈಯಾಂದು ಉಂಡ್ವಿ?"

ಅವಳ ಬಾಯಿಂದ ಬಂದ ಮೊದಲ ಮಾತು ಅದು. ಉಂಡಿಲ್ಲವೇನೇ, ಜೀವ ಹೇಗಿದೆಯೇ ಅಂತ ಕೇಳಲಿಲ್ಲ. ಇನ್ನೊಬ್ಬಳು ಹೋಗಿ ಬಾಯಿ ಮುಕ್ಕಳಿಸಿ ಬಂದಳು. ನಿನ್ನೆ ಉಂಡದ್ದು ಇವತ್ತು ಮುಕ್ಕಳಿಸಿದರೆ ಹೊರಗೆ ಬರುತ್ತದೆಯೇ? ಮಾಲಕ ಬಂದ. ಅವನ ಚಿಂತೆಯೇ ಬೇರೆ.

"ಗುಡಿ ಮುಂದ ಅಂಗಡ್ಯಾಗ ಬುಟ್ಟಿಗಟ್ಟಲೆ ಲಿಂಗ ಇಟ್ಟಾರ. ಒಂದ ತಂದ ಕಟ್ಟಗೊಳ್ರಿ ಅಕ್ಕಾರ, ಯಾರಿಗೆ ಗೊತ್ತಾಗತೈತಿ? ಸಂಜೀ ಅಡಗಿ ಹೊತ್ತಾತು."

"ನಿಮ್ಮ ಹಲ್ಲ ಬಿದ್ದರ ಬಜಾರದಾಗ ಯಾರದರ ಹಲ್ಲ ತಂದ ಹಚಗೋತೀರೇನ್ರಿ?" ಅಂದೆ. ಹುಬ್ಬು ಗಂಟಿಕ್ಕಿಕೊಂಡು ಹೋದ.

ಅಕ್ಕ ಎಲ್ಲ ಕೇಳಿದಳು. ಕೈಯ ಹಿಟ್ಟು ಉಜ್ಜಿ ಉದುರಿಸುತ್ತ, "ಹಿಟ್ಟ ನಾದಿಟ್ಟೀನಿ. ಉಣ್ಣಾವ್ರು ರೊಟ್ಟಿ ಬಡಕೊಳ್ರಿ, ಒಲ್ಲಾವ್ರು ಹಂಗ ಇರ್ರಿ" ಅಂದಳು.

ನಾನು ಗುಡಿಯ ಬಾಗಿಲಿಗೆ ಹೋಗಿ ಲಿಂಗ ಕೊಡುವ ಗುರು ಎಲ್ಲಿ ಸಿಗುತ್ತಾರೆ ಅಂತ ಮರಾಠಿ ಹಿಂದಿ ಕಲಸಿ ಸಿಕ್ಕಸಿಕ್ಕವರನ್ನು ಕೇಳತೊಡಗಿದೆ. ಯಾರಿಗೂ ತಿಳಿಯಲಿಲ್ಲ. ಆಗ ಒಬ್ಬ ಭಟ್ಟರು ನಿಂತು, "ನೀವು ಬೆಳಗಾವಿ ಕಡೆಯವರಾ ಅಮ್ಮಾ?" ಅಂದರು. ಪರದೇಶದಲ್ಲಿ ಕನ್ನಡ! ಕರಾವಳಿಯ ಕನ್ನಡ, ಆದರೂ ಕನ್ನಡವೇ. ಗುಡಿಯ ಪೂಜೆಗೆ ಅಲ್ಲಿಂದ ಬಂದವರಂತೆ. ನನ್ನ ಮಾತು ಪೂರ್ತಿ ಕೇಳಿ, "ಭಕ್ತಪುರದಲ್ಲಿ ನಿಮ್ಮ ಜಂಗಮರ ಮಠ ಉಂಟಲ್ಲ. ಈಗಲೇ ಹೊರಡಿ" ಅಂತ ದಾರಿ ಹೇಳಿದರು. ಅವರು ಬೇರೆ ಜಾತಿ, ಗುರುತಿಲ್ಲ, ಪರಿಚಯವಿಲ್ಲ. ನಮ್ಮವರು ಧರ್ಮಶಾಲೆಯೊಳಗೆ ಕೂತು ಪಾತ್ರೆಗೆ ಎಷ್ಟು ಸಲ ಬೂದಿ ಹಚ್ಚಿ ತಿಕ್ಕಬೇಕು ಅಂತ ಚರ್ಚೆ ಮಾಡುತ್ತಿದ್ದರು.

ಇಬ್ಬರೇ ಹೊರಟೆವು. ತಲೆಯ ಮೇಲೆ ಕರೆಂಟಿನ ತಂತಿ ಹಿಡಿದು ಓಡುವ ಬಸ್ಸು ಅದು, ಹೊಗೆಯಿಲ್ಲ, ಸದ್ದಿಲ್ಲ. ಅಕ್ಕ ನನ್ನ ಭುಜಕ್ಕೆ ಒರಗಿ ಕಿಟಕಿಯಿಂದ ನೋಡಿದಳು. ದೂರದಲ್ಲಿ ಬಿಳಿಯ ಬೆಟ್ಟ ಕಂಡಿತು. "ಅದು ಮೋಡ ಅಲ್ಲೇನ?" ಅಂತ ಕೇಳಿದಳು. ಹಿಮ ಅಂದೆ. "ಇರಲಿ ಬಿಡು, ಒಂದರ ನೋಡಿದೆ" ಅಂದಳು. ಕಾಠ್ಮಂಡುವಿಗೆ ಬಂದು ಎರಡು ದಿನಕ್ಕೆ ಅವಳು ಒಲೆ ಬಿಟ್ಟು ನೋಡಿದ್ದು ಅದೇ ಮೊದಲು.

ಭಕ್ತಪುರದ ಇಟ್ಟಿಗೆಯ ಓಣಿಯಲ್ಲಿ ಒಂದು ಮನೆಯೊಳಗಿಂದ ಮಗ್ಗದ ಸದ್ದು ಬಂತು. ಅಕ್ಕ ನಿಂತುಬಿಟ್ಟಳು. ಬಾಗಿಲಲ್ಲಿ ಇಣುಕಿದಳು. ಒಬ್ಬ ಹೆಂಗಸು ಕರಿಯ ಸೀರೆ, ಕೆಂಪು ಅಂಚು ನೇಯುತ್ತಿದ್ದಳು. ನಮ್ಮ ಚಂದ್ರಕಾಳಿ ಸೀರೆಯ ಹಾಗೇ! ಅಕ್ಕ ಅಂಚನ್ನು ಬೆರಳಲ್ಲಿ ಒತ್ತಿ ನೋಡಿ ನನ್ನ ಕಡೆ ತಿರುಗಿದಳು. "ಬಿಗಿ ಐತಿ. ನಿನ್ನ ಗಂಡಗ ತೋರಸಬೇಕ." ಆ ಹೆಂಗಸು ನಕ್ಕಳು, ಅಕ್ಕನೂ ನಕ್ಕಳು…

ಮಠದ ಮುದಿ ಅಯ್ಯನವರಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಕ ಬರಿದಾದ ಕೊರಳ ಮೇಲೆ ಕೈ ಇಟ್ಟು ತೋರಿಸಿದಳು. ಅವರು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಒಳಗಿನಿಂದ ಲಿಂಗ ತಂದು ತೊಳೆದು, ವಿಭೂತಿ ಹಚ್ಚಿ, ಮಂತ್ರ ಹೇಳಿ ಅವಳ ಅಂಗೈಯಲ್ಲಿ ಇಟ್ಟರು. ಪೂಜೆ ಮುಗಿದ ಮೇಲೆ ಅವರೇ ಅನ್ನ ಬಡಿಸಿದರು, ಮಣ್ಣಿನ ಬಟ್ಟಲಲ್ಲಿ ಗಟ್ಟಿ ಮೊಸರು ಕೊಟ್ಟರು. ಕುಂಬಾರನ ಬಟ್ಟಲು ಬೋರಲು ಹಾಕಿದರೂ ಬೀಳದಂಥ ಮೊಸರು, ಸಿಹಿ. ಕಾಶಿ ಬಿಟ್ಟ ಮೇಲೆ ಅಕ್ಕನಿಗೆ ಬೇರೆಯವರು ಬಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎರಡು ತುತ್ತು ಒಳಗೆ ಹೋದ ಮೇಲೆ ಅವಳ ನಾಲಿಗೆ ಚುರುಕಾಯಿತು. "ಇದರಾಗ ಕುಂದಾ ಮಾಡಿದ್ರ ಬೆಳಗಾಂವಿಯವ್ರು ಅಂಗಡಿ ಮುಚ್ಚಬೇಕಾಗತಿತ್ತವಾ."

ಜೀವ ಉಳಿಯಿತು. ಆದರೆ ನಮ್ಮ ಗೆಳತಿಯರ ನಡುವೆ ಇದ್ದ ಜಾಗ ಉಳಿಯಲಿಲ್ಲ. ಗುರುತಿಲ್ಲದ ಊರಿನ ಗುರುತಿಲ್ಲದ ಅಯ್ಯ ಕೊಟ್ಟದ್ದು ಹೇಗೆ ನಡೆಯುತ್ತದೆ ಅಂತ ಅಂಗಡಿಯಾಕೆ ತಕರಾರು ತೆಗೆದಳು. ಗೋರಖಪುರದಲ್ಲಿ ಮಾಲಕ ಬೇರೆ ಆಚಾರಿಯನ್ನು ಹಿಡಿದ. ಅಲ್ಲಿಂದ ಊರು ಮುಟ್ಟುವ ತನಕ ಅಕ್ಕನ ತಾಟು ಸಾಲಿನ ತುದಿಯಲ್ಲಿ, ಒಂದು ಮೊಳ ಬಿಟ್ಟು. ನಾನು ಅವಳ ಬಾಜೂ ಕೂತೆ. ಬಸ್ಸಿನಲ್ಲಿ ಅಷ್ಟು ಮಾಡಿದೆ.

ಊರಿಗೆ ಬಂದಮೇಲೆ? ಅಕ್ಕ ತನ್ನ ಗುರುಗಳ ಮುಂದೆ ಹೋಗಿ ನಿಂತಳು. ಅವರು ನೋಡಿ, ಇದಕ್ಕೇನಾಗಿದೆ, ಪೂಜಿಸಿಕೊಂಡು ಹೋಗವಾ ಅಂದರು. ಅಷ್ಟಾದರೂ ಸೋಮವಾರದ ಭಜನೆಗೆ ಅವಳಿಗೆ ಕರೆ ಬರಲಿಲ್ಲ. "ನೀವು ದಣದೀರಿ, ಮನ್ಯಾಗ ಕುಂದರ್ರಿ" ಅಂತ ನಯವಾಗಿ ಹೇಳಿಕಳಿಸಿದರು. ನನಗೆ ಕರೆ ಬಂತು. ನಾನು ಹೋದೆ. ನೂಲು ಅಂಗಡಿಯಾಕೆಯ ಮನೆಯಿಂದ ಬರಬೇಕು, ನನಗೆ ಮೂರು ಮಕ್ಕಳು. ಅದು ನೆಪವೋ ಕಾರಣವೋ ಇವತ್ತಿಗೂ ಗೊತ್ತಿಲ್ಲ. ಭಜನೆಗೆ ಹೊರಟು ಅವಳ ಬಾಗಿಲು ದಾಟುವಾಗ ಒಳಗಿನ ಮಗ್ಗ ಜೋರಾಗಿ ಬಡಿಯುತ್ತಿತ್ತು… ನನಗೇ ಹಾಗೆ ಕೇಳುತ್ತಿತ್ತೋ ಏನೋ. ಅಕ್ಕ ನನಗೆ ಒಂದು ದಿನವೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವಳು ತೀರಿಕೊಂಡು ಈಗ ಹದಿನಾಲ್ಕು ವರ್ಷ.

ಹೋದ ತಿಂಗಳು ಒಂದು ಮದುವೆಯಲ್ಲಿ ಅಂಗಡಿಯಾಕೆ ನನ್ನ ಬಾಜೂ ಬಂದು ಕೂತಳು. ಈಗ ರಾಮತೀರ್ಥ ನಗರದಲ್ಲಿ ಮಗನ ಮನೆಯಲ್ಲಿದ್ದಾಳೆ, ಎಂಬತ್ತು ದಾಟಿದೆ. ಹೋಳಿಗೆ ಮುರಿಯುತ್ತ, "ಕಾಠ್ಮಂಡುಕ್ಕ ಹೋಗಿದ್ವಲ್ಲ, ಎಷ್ಟ ಮಜಾ ಇತ್ತವಾ! ಮನ್ಯಾಗಿನಂಥಾ ಊಟ. ಆ ಖಾನಾಪುರದಂವ ಆಚಾರಿ ಮಾತ್ರ ಛಲೋ ತಂದಿದ್ದ ನೋಡ" ಅಂದಳು.

ನಾನು ಅಕ್ಕನ ಹೆಸರು ಹೇಳಿದೆ.

"ಯಾರವಾ ಆಕಿ?" ಅಂದಳು.

ಸೋಗು ಹಾಕಿದಳೋ, ಖರೇ ಮರೆತಿದ್ದಳೋ, ನನಗೆ ತಿಳಿಯಲಿಲ್ಲ. ಆ ವಯಸ್ಸಿನ ಮುದುಕಿಗೆ ಏನು ಬೈಯುವುದು… ಬೈದೆ. ನೂಲಿಗೆ ಹೆದರಿ ನುಂಗಿಕೊಂಡದ್ದನ್ನೆಲ್ಲ ಪಂಗತಿಯ ನಡುವೆ ಎದ್ದು ನಿಂತು ಅಂದೆ. ಜನ ತಿರುಗಿ ನೋಡಿದರು. ನನ್ನ ಮಗ ಬಂದು ರಟ್ಟೆ ಹಿಡಿದು ಕರಕೊಂಡು ಹೋದ. ಆಟೋದಲ್ಲಿ ಕೂತ ಮೇಲೆ, "ಏನವಾ ಇದು? ಸತ್ತು ಹೋದಾವ್ರ ಸಲುವಾಗಿ ಈಗ ಜಗಳ ಯಾಕ?" ಅಂದ.

ಅವನ ಮಾತು ಸುಳ್ಳಲ್ಲ. ನಾನು ಪಂಗತಿಯಲ್ಲಿ ಅಂದದ್ದು ಅಕ್ಕ ಬದುಕಿದ್ದಾಗ ಕೇಳಬೇಕಾಗಿದ್ದ ಮಾತು. ಅಂಗಡಿಯಾಕೆ ಕೇಳಿ ಏನಾಯಿತು? ನಾಳೆಗೆ ಅದನ್ನೂ ಮರೆತಿರುತ್ತಾಳೆ.