ನಟ್ ಮಾತ್ರ ತಿರುಗಿಸಿ

ಟಕ್. ಒಂದೇ ಸಲ. ಗಿರಿಜಾಳ ಪುಟ್ಟ ಸ್ಪ್ಯಾನರಿನ ಸದ್ದು ಅದು. ಸಾಕು, ಇನ್ನು ಬಿಗಿ ಮಾಡಬೇಡ ಅಂತ ಸ್ಪ್ಯಾನರೇ ಹೇಳುವ ಸದ್ದು. ಮೊನ್ನೆ ಬ್ರೂಕ್‌ಫೀಲ್ಡ್‌ನಲ್ಲಿ ಸರ್ವೀಸಿಗೆ ಬಿಟ್ಟ ನನ್ನ ಹಳೇ ಕಾರಿನ ಚಕ್ರ ಕೂರಿಸುವಾಗ ಮೆಕ್ಯಾನಿಕ್ಕಿನ ದೊಡ್ಡ ಸ್ಪ್ಯಾನರಿನಿಂದ ಅದೇ ಸದ್ದು ಮತ್ತೆ ಕೇಳಿಸಿತು. ಕೈಲಿದ್ದ ಕಾಫಿ ಆರಿಹೋಯಿತು.

ನಾನು ಕಾಲೇಜಿನಲ್ಲಿ ಮೈಕ್ರೋವೇವ್ ಇಂಜಿನಿಯರಿಂಗ್ ಪಾಠ ಮಾಡುತ್ತಿದ್ದವಳು. ನೆಂಟರು ಓವನ್ ಕೆಟ್ಟಾಗಲೆಲ್ಲ ನನಗೇ ಫೋನ್ ಮಾಡುತ್ತಿದ್ದರು. ನನ್ನದು ಮೊಬೈಲ್ ಟವರ್, ರೇಡಾರುಗಳ ಅಲೆಗಳ ವಿಷಯ ಅಂದರೆ ಯಾರೂ ನಂಬಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿದ ಇಂಗ್ಲಿಷಿನಲ್ಲಿ ನಾನು ಎಷ್ಟು ಚೆಂದ ಪಾಠ ಮಾಡುತ್ತಿದ್ದೆನೆಂದರೆ, ಹಿಂದಿನ ಬೆಂಚು ಹಾಯಾಗಿ ನಿದ್ದೆ ಮಾಡುತ್ತಿತ್ತು.

ನಿದ್ದೆ ಬಿಡಿಸಿದ್ದು ಗಿರಿಜಾ. ಪೀಣ್ಯದ ಒಂದು ಫ್ಯಾಕ್ಟರಿಗೂ ನಮ್ಮ ಕಾಲೇಜಿಗೂ ಟೈ-ಅಪ್ ಆಗಿತ್ತು. ಪ್ರತಿ ಗುರುವಾರ ಅವರ ಟೆಸ್ಟ್ ಲ್ಯಾಬಿನ ಗಿರಿಜಾ, ಲಗ್ಗೆರೆಯ ಡಿಪ್ಲೊಮಾ ಹುಡುಗಿ, ಮರದ ಪೆಟ್ಟಿಗೆಯೊಂದನ್ನು ಬಸ್ಸಿನಲ್ಲಿ ಎದೆಗವಚಿಕೊಂಡು ತರುತ್ತಿದ್ದಳು. ಒಳಗೆ ವೆಲ್ವೆಟ್ ಮೇಲೆ ಚಿನ್ನದ ಲೇಪದ ಹೆಬ್ಬೆರಳುದ್ದದ ತುಂಡುಗಳು. ತುದಿಯ ನಟ್ಟಿನಿಂದ ಅಳೆಯುವ ಯಂತ್ರಕ್ಕೆ ಜೋಡಿಸಿ, ಅದು ನಿಜ ಹೇಳುತ್ತಿದೆಯೇ ಅಂತ ನೋಡುವುದಕ್ಕೆ. ಅವು ಕೆಟ್ಟರೆ ಅಳತೆಯೆಲ್ಲ ಸುಳ್ಳು.

"ನಟ್ ಮಾತ್ರ ತಿರುಗಿಸಿ, ತುಂಡು ಅಲುಗಬಾರ್ದು. ಟಕ್ ಅಂದ್ರೆ ಮುಗೀತು. ಬೋರ್‌ವೆಲ್ ಪೈಪ್ ಅಲ್ಲ ಕಣ್ರೋ!" ಅಂತ ಹಿಂದಿನ ಬೆಂಚಿಗೂ ಕೇಳುವಂತೆ ಹೇಳುತ್ತಿದ್ದಳು.

ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿನ್ನುತ್ತ ಒಮ್ಮೆ ಅಂದಳು: "ಫ್ಯಾಕ್ಟರೀಲಿ ನಾನು ‘ಏ ಗಿರಿಜಾ’. ಇಲ್ಲಿ ಮಾತ್ರ ಮೇಡಂ."

ಒಂದು ಗುರುವಾರ ನಾನೇ ಮಾಡಿ ತೋರಿಸುತ್ತೇನೆಂದು ಹೊರಟೆ. ಕನ್ನಡಕ ಸ್ಟಾಫ್ ರೂಮಿನಲ್ಲಿತ್ತು. ನಟ್ ಹಿಡಿದುಕೊಂಡು ತುಂಡನ್ನೇ ತಿರುವಿದೆ.

"ಮೇಡಂ, ನಟ್ಟು..."

"ಐ ನೋ, ಐ ನೋ, ಗಿರಿಜಾ."

ಒಳಗಿನ ಕೂದಲೆಳೆಯಂಥ ಪಿನ್ ಉಜ್ಜಿ ಕೆಟ್ಟುಹೋಯಿತು. ಮರುವಾರ ಫ್ಯಾಕ್ಟರಿಯ ಅಳತೆಗಳೆಲ್ಲ ತಪ್ಪು ಬಂದವು.

ಅಗ್ರಿಮೆಂಟ್ ರಿನ್ಯೂ ಮಾಡಬೇಕಾಗಿದ್ದ ಮೀಟಿಂಗಿನಲ್ಲಿ ಫ್ಯಾಕ್ಟರಿಯ ಮ್ಯಾನೇಜರ್ ಪೆಟ್ಟಿಗೆ ತೆರೆದಿಟ್ಟರು. "ಯಾರ ಕೈ ಇದು? ಕಾಲೇಜಿನವರದಾದ್ರೆ ಇನ್ಮೇಲೆ ಈ ಪೆಟ್ಟಿಗೆ ಗೇಟ್ ದಾಟಲ್ಲ."

ಬಾಗಿಲ ಬಳಿ ನಿಂತಿದ್ದ ಗಿರಿಜಾ ನನ್ನನ್ನು ನೋಡಿದಳು. ನಾನು ಚಹಾದಲ್ಲಿ ಅದ್ದಿದ ಬಿಸ್ಕತ್ತನ್ನು ನೋಡಿದೆ. ಅದು ಮುರಿದು ಲೋಟದೊಳಗೆ ಬಿತ್ತು.

"ನಂದೇ ಸಾರ್," ಅಂದಳು. "ಕೈ ಜಾರ್ತು."

ಸಹಿಗಳಾದವು. ಗಿರಿಜಾಳನ್ನು ಪ್ಯಾಕಿಂಗಿಗೆ ಹಾಕಿದರು. ಪೆಟ್ಟಿಗೆ ತರಲು ಬಂದ ಹೊಸಬ ಮೊದಲ ದಿನವೇ ಕ್ಲಾಸಿಗೆ ಹೇಳಿದ: "ಹುಷಾರು, ನಿಮ್ಮ ಗಿರಿಜಾ ಮೇಡಂ ಪಿನ್ ಕೆಡಿಸಿಬಿಟ್ರು." ನಾನು ಬೋರ್ಡ್ ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

ಒಂದು ತಿಂಗಳಾದ ಮೇಲೆ ಮ್ಯಾನೇಜರಿಗೆ ನಿಜ ಹೇಳಿದೆ. "ಅಯ್ಯೋ, ಈಗ್ಯಾಕೆ ಬಿಡಿ ಮೇಡಂ," ಎಂದು ನಕ್ಕರು. ನನ್ನ ಡ್ಯೂಟಿ ಮುಗಿಯಿತು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.

ಮೊನ್ನೆ ಸರ್ವೀಸ್ ಸೆಂಟರಿನ ಕುರ್ಚಿಯಲ್ಲೇ ಕೂತು ಹಳೇ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗ್ರೂಪಿಗೆ ಬರೆದೆ: ಆ ಪಿನ್ ಕೆಡಿಸಿದ್ದು ಗಿರಿಜಾ ಅಲ್ಲ, ನಾನು. ಕೈಮುಗಿಯುವ ಚಿತ್ರಗಳು ಎರಡು ಬಂದವು. ಒಬ್ಬ ಕೇಳಿದ: "ಯಾವ ಗಿರಿಜಾ, ಮ್ಯಾಮ್?"

ಅಂದು ಮ್ಯಾನೇಜರಿಗೆ ನಿಜ ಹೇಳಿದ ದಿನವೇ ಗಿರಿಜಾಳನ್ನು ಹುಡುಕಿ ಪ್ಯಾಕಿಂಗ್ ಸೆಕ್ಷನ್ನಿಗೂ ಹೋಗಿದ್ದೆ. ಅದೇ ಕೊನೆ, ಆಮೇಲೆ ಆಕೆಯನ್ನು ನೋಡಲಿಲ್ಲ. ರಟ್ಟಿನ ಡಬ್ಬಕ್ಕೆ ಟೇಪ್ ಹಚ್ಚುತ್ತಿದ್ದಳು.

"ನಮ್ಮ ಕ್ಲಾಸಿನವ್ರಿಗೆ ಗೊತ್ತಾಗ್ಲಿಲ್ಲ ತಾನೆ ಮೇಡಂ? ಪಿನ್ ವಿಷ್ಯ?"

"ಇಲ್ಲ," ಅಂದೆ.

"ಸದ್ಯ," ಎಂದು ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದು, ಮುಂದಿನ ಡಬ್ಬ ಎಳೆದುಕೊಂಡಳು.