ಮಂಡಿನೋವಿನ ಪಾದಯಾತ್ರೆ

ಹಗರಿಬೊಮ್ಮನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ನನ್ನ ನೌಕರಿಗೆ ಆಗ ವರ್ಷವೂ ತುಂಬಿರಲಿಲ್ಲ. ಪ್ರೊಬೇಷನ್ ಮುಗಿದು ಕಾಯಂ ಆಗುವವರೆಗೆ ಬಾಯಿ ಮುಚ್ಚಿಕೊಂಡಿರು ಎಂದು ಅಪ್ಪ ಹೇಳಿ ಕಳಿಸಿದ್ದ. ನನ್ನಿಂದಾಗದ ಕೆಲಸವೆಂದರೆ ಅದೊಂದೇ.

ಸಿಬ್ಬಂದಿಯ ರಜೆ, ನೋಟಿಸು ಎಲ್ಲ ನೋಡಿಕೊಳ್ಳುತ್ತಿದ್ದ ಹಿರಿಯ ಗುಮಾಸ್ತರು ಹತ್ತು ದಿನದ ಗಳಿಕೆ ರಜೆ ಹಾಕಿ ಹೋದರು. ಹನ್ನೊಂದನೆಯ ದಿನ ಬರಲಿಲ್ಲ. ಇಪ್ಪತ್ತನೆಯ ದಿನವೂ ಬರಲಿಲ್ಲ. ಫೋನು ಸ್ವಿಚ್ ಆಫ್. ನೋಟಿಸು ಕೊಡಬೇಕಲ್ಲ ಎಂದು ಸಾಹೇಬರನ್ನು ಕೇಳಿದೆ.

"ನೋಟಿಸು ಬರಿಯೋರೇ ಅವರು ಅಲ್ಲೇನವ್ವಾ. ಬರ್ಲಿ ತಡಿ."

ತಮಾಷೆಗಲ್ಲ, ಗಂಭೀರವಾಗಿಯೇ ಹೇಳಿದರು.

ಅಷ್ಟರಲ್ಲಿ ಅವರ ಕಡತಗಳೆಲ್ಲ ನನ್ನ ಮೇಜಿಗೆ ಬಂದಿದ್ದವು. ಹರಪನಹಳ್ಳಿಯಲ್ಲಿ ಅಕ್ಕನಿಗೆ ದಿನ ತುಂಬಿತ್ತು. ಅವ್ವ ಇಲ್ಲದ ಮನೆ ನಮ್ಮದು. ಹೆರಿಗೆಗೆ ಜೊತೆಗಿರಲು ನಾನೊಬ್ಬಳೇ. ಆರು ದಿನ ರಜೆ ಕೇಳಿದೆ. "ಅವರು ಬಂದ ಮ್ಯಾಲೆ ನೀ ಹೋಗು" ಎಂದರು ಸಾಹೇಬರು. ಒಬ್ಬರು ತಪ್ಪಿಸಿಕೊಂಡದ್ದಕ್ಕೆ ಇನ್ನೊಬ್ಬಳನ್ನು ಒತ್ತೆ ಇಟ್ಟುಕೊಳ್ಳುವ ಆಡಳಿತ!

ಎರಡು ದಿನ ಬಿಟ್ಟು ಅಕ್ಕನ ಫೋನು: "ಲೇ, ನೋವು ಸುರುವಾಗ್ಯಾವ. ನೀ ಬರ್ತಿಯೋ, ನಿಮ್ಮ ಸಾಹೇಬನ್ನ ಕಳಸ್ತಿಯೋ?"

ಬಸ್ ಹತ್ತಿದೆ. ಮೂರು ದಿನ ದವಾಖಾನೆಯಲ್ಲಿದ್ದೆ. ಹೆಣ್ಣು ಕೂಸು.

ನಾಲ್ಕನೆಯ ದಿನ ಕಚೇರಿಗೆ ಬಂದರೆ ಗುಮಾಸ್ತರು ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದರು. ನನಗೇ ನೋಟಿಸು: ಅನಧಿಕೃತ ಗೈರುಹಾಜರಿ. ಅವರದು? ಮಂಡಿನೋವು, ಪೂರ್ಣ ವಿಶ್ರಾಂತಿ ಎಂದು ವೈದ್ಯರು ಬರೆದುಕೊಟ್ಟ ಚೀಟಿಯ ಮೇಲೆ ಆಗಲೇ ಮಂಜೂರಾಗಿತ್ತು. ಚಪ್ಪಲಿ ಬಿಟ್ಟು ಸ್ಟೂಲಿನ ಮೇಲೆ ಎತ್ತಿಟ್ಟಿದ್ದ ಅಂಗಾಲಿನ ತುಂಬ ಬೊಬ್ಬೆ.

"ಸಾರ್, ಮಂಡಿ ನೋವಿಗೆ ಅಂಗಾಲಿನಾಗ ಬೊಬ್ಬಿ ಏಳ್ತಾವೇನ್ರಿ?"

"ಕೊಟ್ಟೂರಿಗೆ ನಡಕೊಂತ ಹೋಗಿದ್ನೆವ್ವಾ. ಮಂಡಿ ನೋವು ಹೋಗ್ಲಿ ಅಂತ ಹರಕಿ."

ಕಚೇರಿಯವರು ಎದ್ದು ಕೈ ಮುಗಿಯಲಿಲ್ಲ, ಅಷ್ಟೇ. ಬರಿಗಾಲಲ್ಲಿ ಕೊಟ್ಟೂರು ಮುಟ್ಟಿದ ಮಂಡಿಗೆ ನಮ್ಮ ಕಚೇರಿಯ ಮೂರು ಮೆಟ್ಟಿಲು ಕಷ್ಟವಾಯಿತೇ? ನಡೆಯಲು ಎರಡು ದಿನ ಹಿಡಿಯಿತು ಅನ್ನೋಣ, ಮಿಕ್ಕ ದಿನಗಳೆಲ್ಲಿ? ಕೇಳಿಯೇಬಿಟ್ಟೆ. ಹಾಜರಿ ಪುಸ್ತಕದ ವಿಷಯ ಕೇಳಿದರೆ, ದೇವರ ವಿಷಯದಲ್ಲಿ ಹೀಗೆಲ್ಲ ಮಾತಾಡಬಾರದು ಎಂದರು ಎಲ್ಲರೂ.

ಸಾಹೇಬರು ಒಳಗೆ ಕರೆದರು. "ನೀನೂ ಒಂದು ಸರ್ಟಿಫಿಕೇಟ್ ತಂದು ಹಾಕವ್ವಾ. ಜ್ವರ ಅಂತ ಬರಸು. ಪ್ರೊಬೇಷನ್ನಿಗೆ ತ್ರಾಸ ಆಗಂಗಿಲ್ಲ."

ಅವರ ಮಟ್ಟಿಗೆ ಅದು ದಯೆ. ಹುಟ್ಟಿದ ಕೂಸು ರಜೆಗೆ ಕಾರಣವಾಗದು, ಬಾರದ ಜ್ವರ ಆಗುತ್ತದೆ. ನಾನು ಆರೋಗ್ಯವಾಗಿಯೇ ಇದ್ದೆ, ಅಕ್ಕನ ಹೆರಿಗೆಗೆ ಹೋಗಿದ್ದೆ ಎಂದು ಉತ್ತರ ಬರೆದುಕೊಟ್ಟೆ.

ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ಆದೇಶ ತಂದು ಸಹಿ ಹಾಕಿಸಿಕೊಂಡ ಗುಮಾಸ್ತರು ಅಳುಕೇ ಇಲ್ಲದೆ ಕೇಳಿದರು:

"ಕೂಸಿಗೆ ಏನಂತ ಹೆಸರಿಟ್ರವ್ವಾ?"

"ತೊಟ್ಲಾಗ ಹಾಕೋದು ಮುಂದಿನ ವಾರ ಐತ್ರಿ ಸಾರ್. ರಜಾ ಕೊಟ್ರ ಹೋಗಿ ಕೇಳ್ಕೊಂಡು ಬಂದು ಹೇಳ್ತೀನಿ."

"ಅರ್ಜಿ ಕೊಡು, ನೋಡಾಣ" ಎಂದರು.